ವಾಕಿಂಗ್ ಊಟದ ಮೊದಲೋ, ಆಮೇಲೋ?

ಕಾಕಾ ಎದೆಯೊಳಗೆ ಒಂದು ಸ್ಟೆಂಟ್ ಇಡಿಸಿಕೊಂಡು ಕಲಬುರಗಿಯಿಂದ ಜಿಡಗಾಕ್ಕೆ ಮರಳಿದ ಮರುದಿನ ಮುಂಜಾನೆ ನಮ್ಮ ಪಡಸಾಲೆಯಲ್ಲಿ ಒಂದು ಪಾರಾಯಣ ನಡೆಯಿತು. ಗ್ರಂಥ ಎಂದರೆ ದವಾಖಾನೆಯವರು ಕೊಟ್ಟ ಡಿಸ್ಚಾರ್ಜ್ ಕಾರ್ಡು. ಓದಿದವಳು ಆಳಂದಕ್ಕೆ ಕಾಲೇಜಿಗೆ ಹೋಗುವ ಕಾಕಾನ ಮೊಮ್ಮಗಳು. ಕೇಳಿದವರು ಮನೆಮಂದಿ ಮತ್ತು ಓಣಿಯ ಅರ್ಧ ಜನ. ಗುಳಿಗೆ ಐದು. ಒಂದೊಂದರ ಮುಂದೆಯೂ 1-0-1, 0-0-1, 1-0-0 ಎಂದು ಅಂಕಿ. ಓದು ಬಾರದ ಕಾಕಿ ಮುಂಜಾನೆಯ ಗುಳಿಗೆಯ ಪಟ್ಟಿಗೆ ಹಳದಿ ದಾರ, ರಾತ್ರಿಯದಕ್ಕೆ ಕರಿ ದಾರ ಸುತ್ತಿ, ಎರಡೂ ಹೊತ್ತಿನದಕ್ಕೆ ಎರಡೂ ದಾರ ಹೊಸೆದು ಕಟ್ಟಿದಳು. ಯಾವ ಔಷಧಿ ಅಂಗಡಿಯವನೂ ಇಷ್ಟು ಚೆಂದ ವ್ಯವಸ್ಥೆ ಮಾಡಿರಲಾರ.

ಎಲ್ಲಕ್ಕಿಂತ ಕೆಳಗೆ, ಸಹಿಯ ಬಾಲಕ್ಕೆ ತಾಗಿಕೊಂಡು ಎರಡು ಇಂಗ್ಲಿಷ್ ಶಬ್ದ ಉಳಿದಿದ್ದವು. ರೆಗ್ಯುಲರ್ ಎಕ್ಸರ್‌ಸೈಜ್.

“ಹಂಗಂದ್ರೇನು?” ಎಂದ ಕಾಕಾ.

“ದಿನಾ ವಾಕಿಂಗ್ ಮಾಡ್ಬೇಕಂತ ಮುತ್ಯಾ.”

“ಅದರ ಮುಂದ ಒಂದು ಸೊನ್ನಿ ಒಂದು ಬರದಿಲ್ಲೇನು?”

“ಇಲ್ಲ.”

“ಮತ್ತ ಅದು ಊಟದ ಮೊದಲೋ, ಊಟಾದ ಮ್ಯಾಲೋ?”

ನಾನೊಬ್ಬನೇ ನಕ್ಕೆ. ಉಳಿದವರು ಯಾರೂ ನಗಲಿಲ್ಲ. ಕಾಕಿಯಂತೂ ಯಾವ ಬಣ್ಣದ ದಾರ ತರಲಿ ಎಂಬಂತೆ ಕಾರ್ಡನ್ನೇ ನೋಡುತ್ತಿದ್ದಳು. ಆ ನಗೆಗೆ ನಾನು ನಾಚಿದ್ದು ಮುಂದೆ ಎರಡು ತಿಂಗಳ ಮೇಲೆ. ಅದನ್ನು ಹೇಳುವ ಮೊದಲು ಕಾಕಾನಿಗೆ ಆದದ್ದಾದರೂ ಏನು ಎಂಬುದನ್ನು ಹೇಳಿಬಿಡುತ್ತೇನೆ.

ತೊಗರಿ ರಾಶಿಯ ದಿನ ಅದು. ನಮ್ಮ ಕಡೆ ತೊಗರಿ ಎಂದರೆ ಬರೀ ಬೆಳೆಯಲ್ಲ, ಅಭಿಮಾನ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕ ಮೇಲೆ ಅಭಿಮಾನಕ್ಕೆ ಸರ್ಕಾರದ ಸಿಕ್ಕಾ ಕೂಡ ಬಿದ್ದಿದೆ. ಮೊದಲು ರಾಶಿ ಎಂದರೆ ಎಂಟು ದಿನದ ಮೈಮುರಿತ. ಈಗ ಮಷೀನು ಬರುತ್ತದೆ, ಎರಡು ತಾಸಿನಲ್ಲಿ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಕಾಕಾ ಹತ್ತು ವರ್ಷದಿಂದ ಹೊಲಕ್ಕೆ ಹೋಗುವುದು ಮಗನ ಬೈಕಿನ ಹಿಂದೆ ಕೂತು. ಹೋದರೂ ಬೇವಿನ ಗಿಡದ ಬುಡದಲ್ಲಿ ಕೂತು ಫೋನಿನಲ್ಲಿ ಆಳಂದದ ಅಡತಿ ಅಂಗಡಿಯ ದರ ಕೇಳುವುದು. ಅವತ್ತು ಚೀಲ ಎತ್ತಲು ಬಂದ ಹುಡುಗರು ಕುಂಟುತ್ತ ಎತ್ತುವುದನ್ನು ನೋಡಿ ಹಳೆಯ ತಾಲೀಮಿನ ಮನುಷ್ಯನಿಗೆ ತಡೆಯಲಾಗಲಿಲ್ಲ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದವನು. “ಸರೀರಿ ಅತ್ತಾಗ” ಎಂದು ಒಂದು ಚೀಲಕ್ಕೆ ಹೆಗಲು ಕೊಟ್ಟ. ಟ್ರ್ಯಾಕ್ಟರಿನ ತನಕ ಒಯ್ದು ಹಾಕಿದ. ಎರಡನೆಯದಕ್ಕೆ ಬಗ್ಗಿದವನು ಹಾಗೇ ಕೂತ.

ಎದೆಯ ಮೇಲೆ ಎತ್ತು ಕಾಲಿಟ್ಟಂತೆ ಆಗುತ್ತಿದೆ ಎಂದ. ಮೈಯೆಲ್ಲ ತಣ್ಣನೆಯ ಬೆವರು. ನಮ್ಮ ಜನ ಒಕ್ಕೊರಲಿನಿಂದ ಕೊಟ್ಟ ತೀರ್ಪು: ಗ್ಯಾಸು. ಎದೆ ಹಿಡಿದರೆ ಗ್ಯಾಸು, ದವಡೆ ಜಗ್ಗಿದರೆ ಹಲ್ಲು, ಎಡಗೈ ಜೋಮು ಬಂದರೆ ರಾತ್ರಿ ಅಡ್ಡ ಮಲಗಿದ್ದು. ಇಡೀ ಸೀಮೆಯಲ್ಲಿ ಹೃದಯ ಎಂಬ ಅವಯವ ಯಾರಿಗೂ ಇಲ್ಲ, ಹೊಟ್ಟೆಯೊಂದೇ ಇರುವುದು. ಒಬ್ಬ ಸೋಡಾ ತಂದ, ಒಬ್ಬ ಓಂಕಾಳು ಜಗಿಸಿದ. ಮುಕ್ಕಾಲು ತಾಸು ಸೋಡಾದಲ್ಲಿ ಹೋಯಿತು. ಕೊನೆಗೆ ಬೈದು ಗಾಡಿಗೆ ಹಾಕಿದವಳು ಕಾಕಿ.

ಆಳಂದದಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಹೃದಯದ ಲೆಕ್ಕದಲ್ಲಿ ಅದು ದೂರವೇ. ಕಟ್ಟಿದ ರಕ್ತನಾಳದ ಮುಂದಿನ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ಹೃದಯತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಬಿಟ್ಟಿ ಮಾಡುತ್ತಿರುವುದು ಇದೇ ಕಾರಣಕ್ಕೆ. ಕಲಬುರಗಿಯಲ್ಲಂತೂ 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು, 371 ಹಾಸಿಗೆಯದು. ಈ ಅಂಕಿ ಯಾಕೆಂದು ಬೇರೆ ಕಡೆಯವರು ಕೇಳಬಹುದು, ನಮ್ಮವರು ಕೇಳುವುದಿಲ್ಲ; ನಮ್ಮ ಸೀಮೆಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ನಮ್ಮ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಪಾಠ. ಕಾಕಾನನ್ನು ಸೇರಿಸಿದ್ದು ಅಲ್ಲಲ್ಲ, ಬೇರೆ ಕಡೆ. ಹೆಸರು ಬೇಡ, ಜೀವ ಉಳಿಸಿದ್ದಾರೆ.

ಪುನೀತ್ ಹೆಸರು ಬಂತಲ್ಲ. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿಗೆ ಅಪ್ಪು ಹೋದ ಮೇಲೆ ನಮ್ಮೂರಿನ ಸೋಮಾರಿಗಳಿಗೆಲ್ಲ ಒಂದು ಆಧಾರ ಸಿಕ್ಕಿತು. “ಅಂಥಾ ಜಿಮ್ ಮಾಡಾಂವನೇ ಹೋದ, ನಾವೇನ್ ಮಾಡಾಣ್ರಿ” ಎಂದು ಕಟ್ಟೆಯ ಮೇಲೆ ಇನ್ನಷ್ಟು ಒರಗಿ ಕೂರುತ್ತಾರೆ. ಒಬ್ಬರ ಸಾವಿನಿಂದ ನಿಯಮ ಕಟ್ಟಲು ಬರುವುದಿಲ್ಲ. ಆದರೆ ದಿಢೀರ್ ದಣಿವು ಹೃದಯಕ್ಕೆ ಏನು ಮಾಡುತ್ತದೆ ಎಂದು ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ಕೇಳಿ ನೋಡಿ 1993ರಲ್ಲಿ ಲೆಕ್ಕ ಹಾಕಿದ್ದಾರೆ. ವಾರಕ್ಕೆ ಒಮ್ಮೆಯೂ ಮೈ ದಣಿಸದವನು ಒಮ್ಮೆಲೇ ಭಾರಿ ದಣಿದರೆ, ಆ ಒಂದು ತಾಸಿನಲ್ಲಿ ಹೃದಯಾಘಾತದ ಸಂಭವ ಅವನ ಸುಮ್ಮನಿರುವ ಹೊತ್ತಿಗಿಂತ ನೂರು ಪಟ್ಟು ಮೀರಿ ಏರುತ್ತದೆ. ವಾರಕ್ಕೆ ಐದು ಸಲವೋ ಹೆಚ್ಚೋ ದಣಿಯುವ ರೂಢಿಯವನಿಗೆ ಅದೇ ಏರಿಕೆ ಎರಡೂವರೆ ಪಟ್ಟೂ ಇಲ್ಲ. ತೊಗರಿ ಚೀಲ ಎರಡೂ ಕಡೆ ಅಷ್ಟೇ ಭಾರ. ಹತ್ತು ವರ್ಷ ಬೇವಿನ ನೆರಳಿನಲ್ಲಿ ಕೂತು ಎದ್ದ ಹೆಗಲು ಬೇರೆ.

ಊರಿಗೆ ಬಂದ ಮೇಲೆ ಕಾಕಾನದು ರಾಜಭೋಗ. ನೋಡಲು ಬಂದವರು ಬಾಳೆಹಣ್ಣು, ಎಳನೀರು ಹಿಡಿದು ಬರುವರು. ಹಣ್ಣು ಕೊಟ್ಟು ಒಂದು ಅಪ್ಪಣೆಯನ್ನೂ ಕೊಟ್ಟು ಹೋಗುವರು. “ಏಳಬ್ಯಾಡ್ರಿ ಮತ್ತ. ಸ್ಪ್ರಿಂಗ್ ಹಾಕ್ಯಾರ, ಜಾರಿ ಗೀರೀತು.” ನಮ್ಮಲ್ಲಿ ಸ್ಟೆಂಟಿಗೆ ಸ್ಪ್ರಿಂಗ್ ಎನ್ನುವುದು ರೂಢಿ, ಪೆನ್ನಿನ ಸ್ಪ್ರಿಂಗ್ ಚಿಮ್ಮುವುದನ್ನು ಕಂಡವರಿಗೆ ಅದು ಎದೆಯೊಳಗೂ ಚಿಮ್ಮೀತು ಎಂಬ ಭಯ. ಅದು ಜಾರುವುದಿಲ್ಲ, ಬಲೂನಿನಿಂದ ಉಬ್ಬಿಸಿ ನಾಳದ ಗೋಡೆಗೆ ಒತ್ತಿ ಕೂರಿಸಿರುತ್ತಾರೆ ಎಂದು ನಾನು ಎಷ್ಟು ಹೇಳಿದರೂ ನನ್ನ ಮಾತು ಯಾರಿಗೆ ಬೇಕು. ಬಚ್ಚಲಿಗೆ ಹೋದರೂ ಇಬ್ಬರು ರಟ್ಟೆ ಹಿಡಿಯುವವರು.

ಈ ಭಯಕ್ಕೆ ಹಳ್ಳಿಯವರನ್ನು ನಕ್ಕು ಉಪಯೋಗವಿಲ್ಲ. ಎಪ್ಪತ್ತೆಂಬತ್ತು ವರ್ಷದ ಹಿಂದೆ ಜಗತ್ತಿನ ದೊಡ್ಡ ದೊಡ್ಡ ಡಾಕ್ಟರುಗಳದೂ ಇದೇ ಭಯವಾಗಿತ್ತು. ಹೃದಯಾಘಾತವಾದವನು ಆರು ವಾರ ಹಾಸಿಗೆ ಬಿಡಬಾರದು, ಮಗ್ಗಲು ಬದಲಿಸಲೂ ನರ್ಸು ಬೇಕು. ಹೃದಯದಿಂದ ಉಳಿದವರು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಸಾಯುತ್ತಿದ್ದರು. ಬೋಸ್ಟನ್ನಿನಲ್ಲಿ ಲೆವೈನ್ ಮತ್ತು ಲೌನ್ ಎಂಬ ಇಬ್ಬರು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಬರೇ ಆರಾಮಕುರ್ಚಿಯಲ್ಲಿ ಕೂರಿಸಿದ್ದನ್ನು 1952ರಲ್ಲಿ ಬರೆದರು. ಅದೇ ಆ ಕಾಲಕ್ಕೆ ದೊಡ್ಡ ಧೈರ್ಯ. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ನೋಡಿದ ಪಾಲ್ ಡಡ್ಲಿ ವೈಟ್ ಎಂಬ ಡಾಕ್ಟರು ಅವರನ್ನು ಮೂಲೆಗೆ ಕೂರಿಸದೆ ಮೆಲ್ಲಗೆ ಓಡಾಡಿಸಿ ಮತ್ತೆ ಕೆಲಸಕ್ಕೆ, ಗಾಲ್ಫ್ ಮೈದಾನಕ್ಕೆ ಕಳಿಸಿದರು. ಐಸೆನ್‌ಹೋವರ್ ಎರಡನೆಯ ಸಲವೂ ಚುನಾವಣೆ ಗೆದ್ದರು. ಈಗ ಹೃದಯಾಘಾತವಾದವರಿಗೆ ಕ್ರಮಬದ್ಧ ವ್ಯಾಯಾಮವೂ ಚಿಕಿತ್ಸೆಯ ಭಾಗ. ಮತ್ತೆ ಆಸ್ಪತ್ರೆ ಸೇರುವುದೂ ಹೃದಯದಿಂದ ಸಾಯುವುದೂ ಅದರಿಂದ ಕಡಿಮೆ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಕಾರ್ಡಿನಲ್ಲಿ ಅದಕ್ಕೆ ಸಿಕ್ಕಿದ್ದು ಸಹಿಯ ಬಾಲದ ಜಾಗ.

ಎರಡು ತಿಂಗಳಿಗೆ ಮತ್ತೆ ತೋರಿಸಲು ಕಾಕಾನನ್ನು ಕರಕೊಂಡು ಹೊರಟವನು ನಾನು. ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಟಿಕೆಟ್ ಮಷೀನನ್ನು ತಲೆಯ ಮೇಲೆ ಎತ್ತಿ ಹಿಡಿದು, ಹಿಂದಿನ ಬಾಗಿಲಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಈಜುತ್ತಿದ್ದ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ದುಡ್ಡು ಕೊಡದ ಹೆಣ್ಣುಮಕ್ಕಳಿಗೂ ಶೂನ್ಯದ ಟಿಕೆಟ್ ಹರಿಯಲೇಬೇಕಲ್ಲ. ಡ್ರೈವರ್ ಮಾತ್ರ ಗಣಪತಿಯ ಹಾಗೆ ಕೂತಲ್ಲೇ ಕೂತಿದ್ದ. ನನಗೆ ಜೆರ್ರಿ ಮಾರಿಸ್ ನೆನಪಾದರು.

ಈ ಮಾರಿಸ್ ಲಂಡನ್ನಿನ ಡಾಕ್ಟರು. ಅಲ್ಲಿಯ ಎರಡು ಅಂತಸ್ತಿನ ಬಸ್ಸುಗಳ ಡ್ರೈವರುಗಳಿಗೆ ಹೃದಯದ ಕಾಯಿಲೆ ಹೆಚ್ಚು, ಅದೇ ಬಸ್ಸಿನ ಕಂಡಕ್ಟರುಗಳಿಗೆ ಕಡಿಮೆ ಎಂದು ಸಾವಿರಾರು ನೌಕರರ ಲೆಕ್ಕ ತೆಗೆದು 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದೇ ಹೊಗೆ, ಅದೇ ಊರು. ಒಬ್ಬ ದಿನವಿಡೀ ಕೂತಿರುತ್ತಾನೆ, ಇನ್ನೊಬ್ಬ ದಿನಕ್ಕೆ ಐನೂರಕ್ಕಿಂತ ಹೆಚ್ಚು ಮೆಟ್ಟಿಲು ಹತ್ತುತ್ತಾನೆ. ನನಗೆ ಅದಕ್ಕಿಂತ ರುಚಿಸಿದ್ದು ಮುಂದಿನ ಕಥೆ. ಡೊಳ್ಳು ಮೊದಲೋ ಡ್ರೈವರಿಕೆ ಮೊದಲೋ ಎಂಬ ಸಂಶಯ ಮಾರಿಸ್‌ಗೇ ಬಂತು. ಕಂಪನಿ ಹೊಲಿಸಿ ಕೊಡುವ ಯೂನಿಫಾರಮ್ಮಿನ ಪ್ಯಾಂಟುಗಳ ಸೊಂಟದ ಅಳತೆ ತರಿಸಿ ನೋಡಿದರು. ಡ್ರೈವರುಗಳ ಸೊಂಟ ಸೇರಿಕೊಂಡ ಹೊಸತರಲ್ಲೇ ದಪ್ಪ! ಅಂದರೆ ಪುಣ್ಯವೆಲ್ಲ ಮೆಟ್ಟಿಲಿನದೇ ಅಲ್ಲ ಎಂದು ತಮ್ಮ ಸಂಶೋಧನೆಯ ಮೇಲೆ ತಾವೇ ಒಂದು ಪ್ರಶ್ನೆ ಹಾಕಿ 1956ರಲ್ಲಿ ಅದನ್ನೂ ಅಚ್ಚು ಹಾಕಿಸಿದರು. ದರ್ಜಿಯ ಲೆಕ್ಕದ ಪುಸ್ತಕದಲ್ಲಿ ಹೃದಯ ಹುಡುಕಿದ ಮನುಷ್ಯ. ಅಂಚೆಯ ಪೇದೆ, ಗುಮಾಸ್ತರನ್ನೂ ಬಿಡದೆ ಅಳೆದಿದ್ದರು, ಅದರಿಂದ ಮಾತು ಗಟ್ಟಿಯಾಗಿತ್ತು. ತಾವೂ ನಡೆಯುತ್ತ ಈಜುತ್ತ 99 ವರ್ಷ ಬದುಕಿದರು.

ಇದನ್ನು ಕಾಕಾನಿಗೆ ಹೇಳಿದೆ. ಕಾಕಾ ಕಂಡಕ್ಟರನ್ನು ಕರೆದು, “ತಮ್ಮಾ, ನಿನಗ ಹಾರ್ಟ್ ಅಟ್ಯಾಕ್ ಆಗೂದಿಲ್ಲಂತ” ಎಂದ. ಅವನು ಬೆವರೊರೆಸಿ, “ಮೊದಲ ಚಿಲ್ಲರೆ ಕೊಡ್ರಿ ಕಾಕಾ” ಎಂದ.

ದವಾಖಾನೆಯಲ್ಲಿ ಹೊಸಬ ಡಾಕ್ಟರು, ಚಿಕ್ಕ ವಯಸ್ಸು. ಕಾಕಾನ ಫೈಲು ನೋಡಿದವರು ನನ್ನ ಹೊಟ್ಟೆಯನ್ನೂ ನೋಡಿ, “ನೀವೇನಾಗ್ಬೇಕು ಇವರಿಗೆ? ಅಣ್ಣನ ಮಗನಾ? ಹಂಗಾದ್ರ ನಿಮ್ದೂ ಒಂದು ಟಿಎಂಟಿ ಆಗಿಬಿಡ್ಲಿ” ಎಂದರು. ಎಸ್ಕಾರ್ಟಿಗೆ ಹೋದವನು ಆರೋಪಿಯಾದೆ. ಅಂಗಿ ಬಿಚ್ಚಿಸಿ, ಎದೆಗೂದಲು ಅಲ್ಲಲ್ಲಿ ಬೋಳಿಸಿ, ತಣ್ಣನೆಯ ಅಂಟು ಹಚ್ಚಿ ಹತ್ತು ತಂತಿ ಸಿಕ್ಕಿಸಿದರು. ಟ್ರೆಡ್‌ಮಿಲ್ಲಿನ ಪಟ್ಟಿ ಕಾಲಡಿ ಜಾರತೊಡಗಿತು. 1963ರಲ್ಲಿ ರಾಬರ್ಟ್ ಬ್ರೂಸ್ ಎಂಬವರು ಹಾಕಿಕೊಟ್ಟ ಪದ್ಧತಿ ಇದು. ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಏರುತ್ತದೆ. ಮೊದಲ ಮೂರು ನಿಮಿಷ ತಾಸಿಗೆ 2.7 ಕಿ.ಮೀ., ಬೀಗರ ಮನೆಯ ಮೆರವಣಿಗೆ. ಆದರೆ ಶೇಕಡಾ 10ರ ಏರು. ಎರೆಹೊಲದ ಸಪಾಟು ಸೀಮೆಯವನು ನಾನು. ನನ್ನ ಕಾಲಿಗೆ ಏರು ಎಂದರೆ ಕೆರೆಯ ಒಡ್ಡು, ಅದೂ ವರ್ಷಕ್ಕೊಮ್ಮೆ. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಎಂಬುದು ಅವರ ಅಂದಾಜಿನ ಲೆಕ್ಕ. ನನಗೆ 58, ಅಂದರೆ 162. ಅದರ ಶೇಕಡಾ 85, ಸುಮಾರು 138 ಮುಟ್ಟಬೇಕು. ಏಳನೆಯ ನಿಮಿಷಕ್ಕೆ ಮುಟ್ಟಿದೆ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಕಾಕಾ, “ಇಷ್ಟು ನಡೆದು ಅಲ್ಲೇ ಅದಾನಲ್ಲ!” ಎಂದು ನರ್ಸಿಗೆ ಹೇಳಿದ್ದು ಒಳಗೆ ಕೇಳಿಸಿತು. ಹೃದಯಕ್ಕೇನೂ ಆಗಿಲ್ಲ, ಕಸುವು ಮಾತ್ರ ಇಲ್ಲ ಎಂದು ರಿಪೋರ್ಟು.

ಆಮೇಲೆ ಆ ಹುಡುಗ ಡಾಕ್ಟರು ಎರಡು ಪ್ರಶ್ನೆ ಕೇಳಿದರು. ವಾರಕ್ಕೆ ಎಷ್ಟು ದಿನ ಜೋರಾಗಿ ನಡೀತೀರಿ? ನಡೆದ ದಿನ ಎಷ್ಟು ನಿಮಿಷ? ನಾನು “ಆಗಾಗ” ಎಂದೆ. “ಆಗಾಗ ಅಂದ್ರ ಸೊನ್ನೆ” ಎಂದು ಬಿಪಿ ಬರೆದ ಸಾಲಿನ ಪಕ್ಕದಲ್ಲೇ 0 ಬರೆದರು. ಇದು ಅವರು ಹೊಸದಾಗಿ ಹುಟ್ಟಿಸಿದ್ದಲ್ಲ; ಅಮೆರಿಕದ ಕೈಸರ್ ಪರ್ಮನೆಂಟೆ ಎಂಬ ಆಸ್ಪತ್ರೆಗಳ ಸರಣಿ 2009ರಿಂದ ಬಂದ ರೋಗಿಗಳನ್ನೆಲ್ಲ ಇದೇ ಎರಡು ಪ್ರಶ್ನೆ ಕೇಳಿ, ನಾಡಿ ಬಿಪಿಯ ಸಾಲಿನಲ್ಲೇ ಉತ್ತರ ಬರೆದಿಡುತ್ತದೆ. ಎರಡರ ಗುಣಾಕಾರ 150 ನಿಮಿಷ ಮುಟ್ಟಬೇಕು. ಅರ್ಧ ನಿಮಿಷದ ಕೆಲಸ. ಜೀವನದಲ್ಲಿ ನನ್ನನ್ನು ಇಷ್ಟು ಡಾಕ್ಟರುಗಳು ನೋಡಿದ್ದಾರೆ, ಬೀಡಿ ಕೇಳಿದ್ದಾರೆ, ಉಪ್ಪು ಕೇಳಿದ್ದಾರೆ, ನಾಲಿಗೆ ತೋರಿಸು ಎಂದಿದ್ದಾರೆ. ಈ ಪ್ರಶ್ನೆ ಕೇಳಿದವರು ಇವರೊಬ್ಬರೇ. “ವಾಕ್ ಮಾಡ್ರಿ” ಎಂದು ಎಲ್ಲರೂ ಹೇಳಿದ್ದಾರೆ, ಆದರೆ ಬಾಗಿಲ ತನಕ ಬಂದವರಿಗೆ “ಬರ್ತಾ ಇರ್ರಿ” ಎನ್ನುತ್ತೇವಲ್ಲ, ಆ ದನಿಯಲ್ಲಿ.

ಈಗ ಕಾಕಾ ಬಿಡಲಿಲ್ಲ. “ಸಾಹೇಬ್ರ, ಅದು ಊಟದ ಮೊದಲೋ, ಊಟಾದ ಮ್ಯಾಲೋ?”

ನಾನು ನಗಲು ತಯಾರಾದೆ. ಡಾಕ್ಟರು ಪೆನ್ನು ಕೆಳಗಿಟ್ಟು, “ಭಾಳ ಚಲೋ ಕೇಳಿದ್ರಿ” ಎಂದರು. ಹೊಟ್ಟೆ ತುಂಬ ಉಂಡಾಗ ರಕ್ತ ಹೊಟ್ಟೆಯ ಕಡೆ ಹೋಗುತ್ತದೆ, ಹೃದಯಕ್ಕೆ ಅದೇ ಒಂದು ಕೆಲಸ. ಮೇಲೆ ನಡಿಗೆಯನ್ನೂ ಹೇರಿದರೆ ಕಾಯಿಲೆಯ ಹೃದಯ ಎದೆ ಹಿಡಿದೀತು. ಆದ್ದರಿಂದ ಊಟದ ಮೊದಲು, ಇಲ್ಲವೇ ಉಂಡು ಎರಡು ತಾಸು ಬಿಟ್ಟು. ಹೇಳಿ ಬರೆದೇ ಕೊಟ್ಟರು, ಕನ್ನಡದಲ್ಲಿ. ನಡಿಗೆ: 1-0-1. ಮುಂಜಾನೆ 10 ನಿಮಿಷ, ಸಂಜೆ 10 ನಿಮಿಷ. ವಾರ ಕಳೆದಂತೆ ಐದೈದು ನಿಮಿಷ ಏರಿಸುವುದು. ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲುವುದು; ನಿಂತರೂ ಹೋಗದಿದ್ದರೆ ಸೋಡಾ ಅಲ್ಲ, ದವಾಖಾನೆ. ವೇಗ ಎಷ್ಟು? ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು.

ಕಾಕಾನಿಗೆ ಇದೊಂದು ತೊಡಕು. ಅವನು ಭಜನೆಯವನು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ದಮ್ಮು ಕಟ್ಟಿ ಹಾಡಿ ಹಾಡಿ ಪುಪ್ಪುಸ ಪಳಗಿದೆ. ಅವನು ಏರು ಹತ್ತುತ್ತಲೂ ಹಾಡಬಲ್ಲ. ಡಾಕ್ಟರ ಗುರುತು ಹೊಸದೇನಲ್ಲ ನೋಡಿ. ಮೈಯ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು ಎಂದು ವಾಗ್ಭಟ ಹೇಳಿದ್ದಾನೆ, ಅವನ ಗ್ರಂಥದ ಹೆಸರೇ ಅಷ್ಟಾಂಗ ಹೃದಯ. ಅರ್ಧ ಮುಗಿಯಿತೆಂದು ತಿಳಿಯುವುದು ಹೇಗೆ? ಉಸಿರು ಬಾಯಿಗೆ ಬಂದಾಗ ಎನ್ನುತ್ತಾನೆ ಸುಶ್ರುತ. ಹಣೆಯ ಬೆವರೂ ಗುರುತು ಎನ್ನುವ ವೈದ್ಯರಿದ್ದಾರೆ. ಅವರು ಮೇ ತಿಂಗಳಲ್ಲಿ ಕಲಬುರಗಿಗೆ ಬಂದವರಲ್ಲ. 43 ಡಿಗ್ರಿಯಲ್ಲಿ ನಮ್ಮ ಹಣೆ ಮಲಗಿದರೂ ಬೆವರುತ್ತದೆ.

ಚೀಟಿ ಸಿಕ್ಕಿತು. ನಡೆಯುವುದು ಎಲ್ಲಿ? ನಮ್ಮ ಕಡೆ ಕಾರಣವಿಲ್ಲದೆ ಯಾರೂ ನಡೆಯುವುದಿಲ್ಲ. ಕಾರಣವಿದ್ದರೆ ಎಷ್ಟಾದರೂ ನಡೆದಾರು. ಇದೇ ಕಾಕಾ ಹದಿನೈದು ವರ್ಷದ ಹಿಂದಿನ ತನಕ ಸೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುತ್ತಿದ್ದ. ಅಂಗಾಲಿನ ಬೊಬ್ಬೆಗೆ ಹರಳೆಣ್ಣೆ, ಮುಂದಿನ ಊರಲ್ಲಿ ಯಾರೋ ಕೊಟ್ಟ ಚುರುಮುರಿ. ಅದು ಹರಕೆ. ವಾಕಿಂಗ್ ಎಂದರೇನು, ಯಾವ ದೇವರದು? ಮೊದಲು ನಿತ್ಯದ ನಡಿಗೆಯೊಂದು ಇತ್ತು, ಹೇಳಲು ಸಂಕೋಚವೇಕೆ, ಬೆಳಕು ಹರಿಯುವ ಮೊದಲು ತಂಬಿಗೆ ಹಿಡಿದು ಹಳ್ಳದ ಕಡೆ ಹೋಗುವುದು. ಹೋಗುತ್ತ ಒಂದು ಮೈಲಿ, ಬರುತ್ತ ಒಂದು ಮೈಲಿ, ನಡುವೆ ಊರಿನ ಸುದ್ದಿ. ಮನೆ ಮನೆಗೆ ಪಾಯಿಖಾನೆ ಆಯಿತು, ಹೆಣ್ಣುಮಕ್ಕಳ ಕಷ್ಟ ತಪ್ಪಿತು, ಒಳ್ಳೆಯದೇ ಆಯಿತು. ಗಂಡಸರ ಎರಡು ಮೈಲಿ ಮಾತ್ರ ಹನ್ನೆರಡು ಹೆಜ್ಜೆಗೆ ಇಳಿಯಿತು.

ಮೊದಲ ದಿನ ಕಾಕಾ ಬರಿಗೈಯಲ್ಲಿ ಮಠದ ಕಡೆ ಹೊರಟ. ಮುಗಳಖೋಡ–ಜಿಡಗಾ ಮಠವೆಂದು ಬೆಳಗಾವಿ ಸೀಮೆಯ ತನಕ ಹೆಸರಾದ ಮಠ ಅದು, ಎಲ್ಲೆಲ್ಲಿಂದಲೋ ಜನ ಬರುವ ದಾರಿ. ನಾಲ್ಕು ಹೆಜ್ಜೆ ಚುರುಕಾಗಿ ಇಟ್ಟಿದ್ದಕ್ಕೇ ಎದುರು ಸಿಕ್ಕವರು, “ಯಾಕ್ರಿ ಕಾಕಾ, ಯಾರ ಮನ್ಯಾಗ ಏನಾಗ್ಯಾದ?” ಎಂದರು. ಬಿರಬಿರನೆ ನಡೆಯುವುದು ಸಾವಿನ ಮನೆಗೆ ಮಾತ್ರ. ಇನ್ನು ಬೈಕಿನವರು. ಹೋದವನು ಹೊರಳಿ ಬಂದು, “ಕೂಡ್ರಿ, ಬಿಡ್ತೀನಿ” ಎನ್ನುವನು. ಒಲ್ಲೆ ಎಂದರೆ ಅವನ ಅಪ್ಪನ ಸಂಗಡ ಆದ ಬದುವಿನ ಜಗಳ ಇನ್ನೂ ಮರೆತಿಲ್ಲ ಎಂದು ಅರ್ಥ. ಕಾಕಾ ಹತ್ತಿ ಕೂತ. ಮಠದ ಹತ್ತಿರ ಇಳಿದರೆ ಇನ್ನೊಬ್ಬ, “ಬರ್ರಿ, ಚಾ ಕುಡೀರಿ.” ಹತ್ತು ನಿಮಿಷದ ವಾಕಿಂಗಿನಲ್ಲಿ ನಡೆದದ್ದು ಎರಡು ನಿಮಿಷ, ಕುಡಿದದ್ದು ಮೂರು ಚಹಾ, ಸಕ್ಕರೆ ನಮ್ಮ ಕಡೆಯ ಪ್ರಮಾಣದ್ದು. ಬೆಂಗಳೂರಿನಿಂದ ಮಗಳು ಕೈಗಡಿಯಾರವೊಂದನ್ನು ಕಳಿಸಿದಳು. ಅದು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಬೇಡುತ್ತದೆ. ಈ ಹತ್ತು ಸಾವಿರ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. 72ರ ಆಸುಪಾಸಿನ ಸಾವಿರಾರು ಹೆಣ್ಣುಮಕ್ಕಳ ಹೆಜ್ಜೆ ಎಣಿಸಿ 2019ರಲ್ಲಿ ನೋಡಿದಾಗ 4,400ಕ್ಕೇ ಲಾಭ ಕಾಣಿಸಿತ್ತು, 7,500ರ ಮೇಲೆ ಹೆಚ್ಚಿನದೇನೂ ಇರಲಿಲ್ಲ. ಕಾಕಾ ಗಡಿಯಾರವನ್ನು ಕಪಾಟಿನಲ್ಲಿಟ್ಟ. ಡಾಕ್ಟರ ಚೀಟಿ ಅಂಗಿಯ ಕಿಸೆಯಲ್ಲೇ ಇತ್ತು.

ಕೊನೆಗೆ ದಾರಿ ಕಂಡುಹಿಡಿದವಳು ಕಾಕಿ. ಒಂದು ಮುಂಜಾನೆ ಕೈಗೆ ಕುಡುಗೋಲು ಕೊಟ್ಟಳು. ಕುಡುಗೋಲು ಹಿಡಿದವನನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ, ಹೊಲಕ್ಕೆ. ಚಹಾಕ್ಕೆ ಕರೆಯುವುದಿಲ್ಲ, ಹೊತ್ತಾಗುತ್ತದೆ. ನಾಯಿಗಳೂ ದೂರ. ಬೈಕಿಗೆ ಹತ್ತು ಎಂದರೆ, “ಇಲ್ಲೇ ಒಡ್ಡಿನ ಮ್ಯಾಗ ಮೇವು ಕೊಯ್ಬೇಕು” ಎಂದರಾಯಿತು. ಎತ್ತು ಎಮ್ಮೆ ಮಾರಿ ಆರು ವರ್ಷವಾದ ಮನೆಗೆ ಮೇವು ಯಾಕೆ ಎಂದು ಯಾರಿಗೂ ಹೊಳೆಯಲಿಲ್ಲ. ಬರಿ ಕುಡುಗೋಲು ಹಿಡಿದು ಮರಳುವುದು ಚೆಂದವಲ್ಲವೆಂದು ಒಂದು ಹಿಡಿ ಹುಲ್ಲು ಕೊಯ್ದು ತಂದು, ಬಾಜೂ ಮನೆಯ ಆಡಿನ ಮುಂದೆ ಹಾಕತೊಡಗಿದ.

ಹೋದ ವಾರ ನಾನು ಊರಲ್ಲಿದ್ದೆ. ಇನ್ನೂ ಕತ್ತಲೆ. ಹಿಂದಿನ ರಾತ್ರಿ ಭಜನೆ ತಡವಾಗಿ ಮುಗಿದು ಕಾಕಾ ಮುಸುಕು ಹೊದ್ದು ಮಲಗಿದ್ದ. ಹೊರಗೆ ಆಡು ಒದರತೊಡಗಿತು. ಒಮ್ಮೆ, ಎರಡು ಸಲ, ಆಮೇಲೆ ಬಿಡದೆ. ಒಳಗಿನಿಂದ ಕಾಕಿ, “ಏಳ್ರಿ, ನಿಮ್ಮ ಡಾಕ್ಟರ್ ಬಂದಾರ” ಎಂದಳು. ಕಾಕಾ ಗೊಣಗುತ್ತ ಎದ್ದು, ಹಳದಿ ದಾರದ ಗುಳಿಗೆ ನುಂಗಿ, ಕತ್ತಲಲ್ಲಿ ಕುಡುಗೋಲಿಗಾಗಿ ಗೋಡೆ ತಡವಿದ.